ಇಂದಿನ ಧಮ್ಮ ಚಿಂತನೆ: "ನಿಮ್ಮನ್ನು ಬಲ್ಲವರು ಯಾರಿದ್ದಾರೆ?"



ಅಷ್ಟಾಂಗ ಮಾರ್ಗದ ಐದನೆಯ ಅಂಗ ಸಮ್ಮಾ ಆಜೀವ. ಯಾರಿಗೂ ಕೇಡು ಮಾಡದೆ ಅನ್ನ ಸಂಪಾದಿಸುವುದು ಎಂದು ಅದರ ಅರ್ಥ ಹೇಳುತ್ತೇವೆ. ಆದರೆ ಈ ಮಾತಿಗೆ ನಿಜವಾದ ಪರೀಕ್ಷೆ ಕೈಯಲ್ಲಿ ಕೆಲಸ ಇಲ್ಲದ ದಿನಗಳಲ್ಲಿ.

ನಮ್ಮ ಯಡಿಯೂರಿನ ಬಳಗಕ್ಕೆ ಈಚೆಗೆ ಸೇರಿದ ಉಪಾಸಕರೊಬ್ಬರು ಸಿಂಧನೂರು ಕಡೆಯವರು. 20 ವರ್ಷ ಅಕ್ಕಿ ಲಾರಿ ಓಡಿಸಿದವರು. ಮಗಳ ಓದಿಗಾಗಿ ಸಂಸಾರ ಸಮೇತ ಬೆಂಗಳೂರಿಗೆ ಬಂದರು. ಊರಲ್ಲಿ ರೈಸ್ ಮಿಲ್ಲಿನವರು ಹೆಸರು ಹಿಡಿದು ಕರೆದು ಲೋಡ್ ಕೊಡುತ್ತಿದ್ದರು. ಇಲ್ಲಿ ಕಲಾಸಿಪಾಳ್ಯದ ಲಾರಿ ಆಫೀಸುಗಳಲ್ಲಿ ಮೊದಲ ಪ್ರಶ್ನೆ, "ನಿಮ್ಮನ್ನು ಬಲ್ಲವರು ಯಾರಿದ್ದಾರೆ?" ಬಾಡಿಗೆ ಮನೆ ಕೇಳಲು ಹೋದರೆ, "ನೀವು ಯಾವ ಜನ?" "ಇಪ್ಪತ್ತು ವರ್ಷದ ದುಡಿಮಿ ಸೊನ್ನಿ ಆತ್ರಿ ಸರ" ಎಂದರು.

ಬಾಬಾಸಾಹೇಬರ ಬದುಕಿನಲ್ಲೂ ಇಂಥ ದಿನ ಬಂದಿತ್ತು. 1917ರಲ್ಲಿ ಅವರು ವಿದೇಶದ ಓದನ್ನು ಅರ್ಧಕ್ಕೆ ನಿಲ್ಲಿಸಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ದೊಡ್ಡ ವಿದ್ಯೆ ಇತ್ತು, ಹುದ್ದೆ ಇತ್ತು, ತಲೆಯ ಮೇಲೆ ಸೂರು ಮಾತ್ರ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಕೋಲು ಹಿಡಿದವರು ಅವರನ್ನು ಹೊರಹಾಕಿದರು. ಪರಿಚಯದವರೂ ಮನೆಯಲ್ಲಿ ಜಾಗ ಕೊಡಲಿಲ್ಲ. ಮುಂಬೈಗೆ ಮರಳಿ ಪಾಠ ಹೇಳಿದರು, ಸಣ್ಣಪುಟ್ಟ ಕೆಲಸ ಮಾಡಿದರು. 1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನ ಪ್ರಾಧ್ಯಾಪಕರಾದರು. ಬರೋಡಾದಲ್ಲಿ ಅವರ ವಿದ್ಯೆ ಕಡಿಮೆಯಾಗಿರಲಿಲ್ಲ. ಇವರು ನಮ್ಮವರು ಎನ್ನುವವರು ಒಬ್ಬರೂ ಇರಲಿಲ್ಲ, ಅಷ್ಟೇ.

ಇದರಲ್ಲಿ ಎರಡು ಪಾಠ ಇವೆ.

1. ಕಸುಬು ನಮ್ಮ ಜೊತೆ ಬರುತ್ತದೆ, ಊರಿನ ನಂಬಿಕೆ ಬರುವುದಿಲ್ಲ. ಅದೂ ಅನಿತ್ಯ, ಮತ್ತೆ ಗಳಿಸಬೇಕು. ಮೊದಲು ಕಾಗದ ಪತ್ರ ಸರಿ ಮಾಡಿಕೊಳ್ಳಿ. ಲೈಸೆನ್ಸ್ ದೇಶಕ್ಕೆಲ್ಲ ನಡೆಯುತ್ತದೆ, ಆದರೆ ಟ್ರಾನ್ಸ್‌ಪೋರ್ಟ್ ಲೈಸೆನ್ಸನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿದು 1 ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ನಮ್ಮ ಭಾಗಕ್ಕೆ ಜಯನಗರದ ಆರ್‌ಟಿಒ. ಆಮೇಲೆ ಸಿಕ್ಕ ಗಾಡಿ ಹಿಡಿಯಿರಿ. ನಮ್ಮ ಉಪಾಸಕರು ಈಗ ಟಾಟಾ ಏಸ್‌ನಲ್ಲಿ ತರಕಾರಿ ಸಾಗಿಸುತ್ತಾರೆ. ಹದಿನಾಲ್ಕು ಚಕ್ರ ಓಡಿಸಿದವನಿಗೆ ಇದು ಅವಮಾನ ಎಂದು ಮನಸ್ಸು ಹೇಳಿದರೆ, ಅದು ಬುದ್ಧರು ಬಿಡಿ ಎಂದ 'ಮಾನ'. ಚಿಕ್ಕ ಗಾಡಿ ಊರಿನ ದಾರಿ ಕಲಿಸುತ್ತದೆ, ನಾಲ್ಕು ಜನರ ಪರಿಚಯ ಮಾಡಿಸುತ್ತದೆ.

2. ಹಸಿವಿನ ಆತುರದಲ್ಲಿ ಶೀಲ ಮಾರಬಾರದು. ಮಾಲೀಕರೊಬ್ಬರು ಇವರಿಗೆ ದೊಡ್ಡ ಲಾರಿಯನ್ನೇ ಕೊಡಲು ಬಂದರು. ಷರತ್ತು: ಓವರ್‌ಲೋಡ್, ರಾತ್ರಿ ಹೋಗಿ ನಿದ್ದೆ ಇಲ್ಲದೆ ಹಗಲೇ ವಾಪಸ್. ಇವರು ಒಲ್ಲೆ ಎಂದರು. ಆ ತಿಂಗಳು ಮನೆ ಬಾಡಿಗೆಗೆ ಸಾಲ ಮಾಡಿದರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ ದುಡಿಮೆ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ನಿಗದಿ ಮಾಡಿತ್ತು. ತೂಕಡಿಸುವ ಚಾಲಕನ ಮುಂದೆ ಬರುವವರು ಯಾರ ಮಕ್ಕಳೋ. ಅಲ್ಲಿ ಎಚ್ಚರವಾಗಿರುವುದೇ ಅಪ್ಪಮಾದ, ಅದೇ ಮೊದಲನೆಯ ಶೀಲದ ಪಾಲನೆ.

ಆದರೆ ಬಂಧುಗಳೇ, ಆ ಸಾಲದ ಭಾರವನ್ನು ಅವರೊಬ್ಬರೇ ಹೊರಬೇಕೆ? ಶೀಲ ಪಾಲಿಸುವವನಿಗೆ ಸಂಘ ಹೆಗಲು ಕೊಡದಿದ್ದರೆ "ಸಂಘಂ ಸರಣಂ" ಬರೀ ಬಾಯಿಮಾತು. ಬರೋಡಾದಲ್ಲಿ ಬಾಬಾಸಾಹೇಬರಿಗೆ ಸಿಗದದ್ದನ್ನು ಇಂದು ನಾವು ಇನ್ನೊಬ್ಬರಿಗೆ ಕೊಡಬಲ್ಲೆವು.

ಇಂದಿನ ಅಭ್ಯಾಸ: ನಿಮ್ಮ ಬೀದಿಗೆ ಹೊಸದಾಗಿ ಬಂದ ಒಬ್ಬ ದುಡಿಯುವವರನ್ನು ಮಾತಾಡಿಸಿ. ಅವರ ಕಸುಬು ಕೇಳಿ, ಜಾತಿ ಕೇಳಬೇಡಿ. ಅವರ ನಡತೆ ನೋಡಿ ತಿಳಿದ ಮೇಲೆ, ಕೆಲಸವೋ ಮನೆಯೋ ಕೊಡುವವರ ಮುಂದೆ ಧೈರ್ಯವಾಗಿ ಹೇಳಿ: "ಇವರನ್ನು ನಾನು ಬಲ್ಲೆ."

ಭವತು ಸಬ್ಬ ಮಂಗಲಂ. 🙏