ಸೊನ್ನೆ ಬಿದ್ದ ವಂಶವಾಹಿ

ಜೀಬ್ರಾ ಮೀನು ನಮ್ಮ ನೆಲದ ನೀರಿನದೇ ಜೀವಿ. 1822ರಲ್ಲಿ ಹ್ಯಾಮಿಲ್ಟನ್ನನು ಗಂಗೆಯ ಮೀನುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅದನ್ನು ಮೊದಲು ವರ್ಣಿಸಿದನು. ಬಿಕ್ಕೋಡಿನವನಾದ ನಾನು ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಆ ಮೀನಿನ ಆರ್‌ಎನ್‌ಎ ಎಣಿಸುವ ಕೆಲಸಕ್ಕೆ ಸೇರಿದಾಗ, ಎಣಿಕೆಗಿಂತ ಎಲ್ಲೆಯ ಪ್ರಶ್ನೆಯೇ ದೊಡ್ಡದಾದೀತೆಂದು ಎಣಿಸಿರಲಿಲ್ಲ.

ಎರಡು ದಿನದ ಭ್ರೂಣವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಪಾರದರ್ಶಕವಾದ ಆ ದೇಹದೊಳಗೆ ಹೃದಯ ಮಿಡಿಯುವುದೂ ರಕ್ತಕಣಗಳು ಒಂದರ ಹಿಂದೊಂದು ಸಾಗುವುದೂ ಸ್ಫುಟವಾಗಿ ಕಾಣುತ್ತವೆ. ಆ ಹೃದಯದಲ್ಲಿ ಸಕ್ರಿಯವಾಗಿದೆಯೆಂದು ಬಣ್ಣ ಕಟ್ಟಿಸಿ ನೋಡಿದ ಪ್ರಯೋಗಗಳು ನಿಸ್ಸಂದೇಹವಾಗಿ ತೋರಿಸಿದ್ದ ಒಂದು ವಂಶವಾಹಿಗೆ, ಬಿಡಿ ಜೀವಕೋಶಗಳ ಲೆಕ್ಕದಲ್ಲಿ ಸಾಲುಸಾಲಾಗಿ ಸೊನ್ನೆ ಬಿದ್ದಿತ್ತು. ರಾಸಾಯನಿಕಗಳನ್ನು ಶಂಕಿಸಿದರು, ಯಂತ್ರವನ್ನು ಶಂಕಿಸಿದರು. ದಫ್ತರನ್ನು ಶಂಕಿಸಿದವರು ವಿರಳ.

2013ರಲ್ಲಿ ಪ್ರಕಟವಾದ ಈ ಮೀನಿನ ಜೀನೋಮಿನ ಅಕ್ಷರಸರಣಿಯೇ ಬೇರೆ, ಅದರಲ್ಲಿ ಯಾವ ವಂಶವಾಹಿ ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತಿಸಿಟ್ಟ ದಫ್ತರೇ ಬೇರೆ. ನಾವು ಅನುಸರಿಸಿದ ವಿಧಾನವಾದರೋ ಆರ್‌ಎನ್‌ಎಯ ಬಾಲದ ಕಡೆಯನ್ನು ಮಾತ್ರ ಓದತಕ್ಕದ್ದು. ದಫ್ತರಿನಲ್ಲಿ ವಂಶವಾಹಿಯು ಬಾಲಕ್ಕೆ ಮುನ್ನವೇ ಮುಗಿದಿದ್ದರೆ, ಹಾಗೆ ಓದಿದ ತುಣುಕುಗಳು, ಅಂದರೆ ರೀಡುಗಳೆಲ್ಲ, ಎಲ್ಲೆಯಾಚೆ ಬಿದ್ದು ಯಾರ ಖಾತೆಗೂ ಸೇರವು. ಬಿಕ್ಕೋಡು ಹೋಬಳಿಯ ಕಾಫಿ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಗಿಡ ಫಸಲು ಬಿಡುತ್ತಿದ್ದರೂ ಪಹಣಿಯಲ್ಲಿ ಆ ತುಂಡು ಕಾಣದಿದ್ದರೆ, ಕಚೇರಿಯ ಪಾಲಿಗೆ ಅಲ್ಲಿ ತೋಟವೇ ಇಲ್ಲ. ಪರದೆಯ ಮೇಲೆ ಆ ಭಾಗವನ್ನು ತೆರೆದಾಗ, ಗುರುತಿನ ಪಟ್ಟೆ ಮುಗಿದು ಕೊಂಚ ಬರಿಜಾಗ ಕಳೆದ ಮೇಲೆ, ರೀಡುಗಳ ರಾಶಿ ಎತ್ತರಕ್ಕೆ ನಿಂತಿತ್ತು.

ಎಲ್ಲೆಯನ್ನು ಮುಂದಕ್ಕೆ ಎಳೆಯುವುದು ಸುಲಭ. ಎಲ್ಲಿ ನಿಲ್ಲಿಸಬೇಕೆಂಬುದೇ ಕಷ್ಟ. ಅದೇ ಎಳೆಯ ಮೇಲಿರುವ ನೆರೆಯ ವಂಶವಾಹಿಯ ಮೇಲೆ ಹಾದುಹೋದರೆ, ಎಣಿಸುವ ತಂತ್ರಾಂಶವು ಆ ರೀಡು ಇಬ್ಬರಲ್ಲಿ ಯಾರದೆಂದು ನಿರ್ಣಯಿಸಲಾರದೆ ಇಬ್ಬರಿಗೂ ಇಲ್ಲವೆನ್ನುತ್ತದೆ. ಆರ್‌ಎನ್‌ಎಯ ನಡುವೆಯೇ, ಬಾಲದಲ್ಲಿರುವಂತೆ, ‘ಎ’ ಅಕ್ಷರಗಳು ಒತ್ತಾಗಿ ಬಂದೆಡೆ, ಅದನ್ನೇ ಬಾಲವೆಂದು ಭ್ರಮಿಸಿ ಹುಟ್ಟಿದ ಸುಳ್ಳು ರಾಶಿಗಳೂ ಉಂಟು. ಆದಕಾರಣ ಸಕಲ ವಂಶವಾಹಿಗಳಿಗೂ ಒಂದೇ ಅಳತೆಯ ಬಾಲವನ್ನು ಅಂಟಿಸಿಬಿಡುವ ಪದ್ಧತಿ, ಬಹುಜನರಿಗೆ ಪ್ರಿಯವಾದರೂ, ನನಗೆ ಅವಿವೇಕವೆಂದೇ ತೋರುತ್ತದೆ. ಇಡಿಯ ಆರ್‌ಎನ್‌ಎಯನ್ನು ಒಂದೇ ಉಸಿರಿಗೆ ಓದುವ ದೀರ್ಘ ರೀಡುಗಳ ಸಾಕ್ಷ್ಯ ದೊರೆತಲ್ಲಿ ಮಾತ್ರ ಗಡಿ ಸರಿಸುವುದು ಕ್ಷೇಮ.

ದಫ್ತರನ್ನು ತಿದ್ದಲು ಹೊರಟವರಲ್ಲಿ ನಾವು ಮೊದಲಿಗರೇನಲ್ಲ. 2014ರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರು ಈ ಮೀನಿನ ಪ್ರೋಟೀನುಗಳನ್ನೇ ಪರೀಕ್ಷಿಸಿ, ಆರ್‌ಎನ್‌ಎಯೊಡನೆ ತಾಳೆ ನೋಡಿ, ಅದನ್ನು ಪರಿಷ್ಕರಿಸಿದ್ದರು. 2020ರಲ್ಲಿ ಮಸಾಚುಸೆಟ್ಸ್‌ನ ನೇಥನ್ ಲಾಸನ್ ಮತ್ತವರ ಸಂಗಡಿಗರು, ಎನ್‌ಸೆಂಬ್ಲ್ ಮತ್ತು ರೆಫ್‌ಸೀಕ್ ದಫ್ತರುಗಳೆರಡರಲ್ಲಿಯೂ ಕೊರತೆಗಳಿರುವುದನ್ನು ತೋರಿಸಿ, ಬಾಲಗಳನ್ನು ಸರಿಪಡಿಸಿದ ಹೊಸ ಆವೃತ್ತಿಯನ್ನು ಪ್ರಕಟಿಸಿದರು. ಅದನ್ನು ಆಧಾರವಾಗಿ ಹಿಡಿದು, ಹೃದಯಕ್ಕೆ ಸಂಬಂಧಿಸಿದ ವಂಶವಾಹಿಗಳನ್ನು ಮಾತ್ರ ಒಂದೊಂದಾಗಿ ಕಣ್ಣಿಟ್ಟು ನೋಡಿದೆವು.

ಮರುಎಣಿಕೆಯಲ್ಲಿ ಆ ಸೊನ್ನೆಗಳು ಹೋದವು. ಆದರೆ ಹಿಂದೆ ಹೇರಳವೆನಿಸಿದ್ದ ಕೆಲವು ವಂಶವಾಹಿಗಳ ಸಂಖ್ಯೆ ಕುಗ್ಗಿತು. ಹೊಸ ಎಲ್ಲೆಗಳು ನೆರೆಯ ಮೇಲೆ ಹಾಯ್ದ ಕಡೆಗಳಲ್ಲಿ ಅವುಗಳ ರೀಡುಗಳೀಗ ವಿವಾದಾಸ್ಪದವಾಗಿದ್ದವು. ಅಂದಿನಿಂದ ಪ್ರತಿ ಕೋಷ್ಟಕದ ತಲೆಯಲ್ಲಿ ದಫ್ತರಿನ ಆವೃತ್ತಿಯನ್ನು ನಮೂದಿಸುತ್ತೇವೆ. ಬೇರೆಬೇರೆ ಆವೃತ್ತಿಗಳಲ್ಲಿ ಎಣಿಸಿದ ಎರಡು ಕೋಷ್ಟಕಗಳನ್ನು ಅಕ್ಕಪಕ್ಕದಲ್ಲಿ ಇಡುವುದಿಲ್ಲ.