ನಿಜವಾದ ಮಾಲೀಕರು ಯಾರೆಂದು ತಿಳಿಸಬೇಕೇ, ಬೇಡವೇ?

ಬೇನಾಮಿ ಸಂಸ್ಥೆಗಳ ಮರೆಯಲ್ಲಿ ಅಕ್ರಮ ಹಣ ಓಡಾಡುವುದನ್ನು ತಡೆಯಲೆಂದು ಅಮೆರಿಕ 2021ರ ಜನವರಿ 1ರಂದು ತಂದ ಕಾರ್ಪೊರೇಟ್ ಟ್ರಾನ್ಸ್‌ಪರೆನ್ಸಿ ಕಾಯಿದೆಯು, ಕೊನೆಗೆ ಅದನ್ನು ಶ್ರದ್ಧೆಯಿಂದ ಪಾಲಿಸಲು ಹೊರಟವರ ಜೇಬಿಗೇ ಹೊರೆಯಾಯಿತು. ಸಂಸ್ಥೆಯೊಂದರಲ್ಲಿ ಶೇ 25 ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳವರು, ಪಾಲಿಲ್ಲದಿದ್ದರೂ ಅದರ ಮೇಲೆ ಗಣನೀಯ ಹಿಡಿತವುಳ್ಳವರು ನಿಜವಾದ ಮಾಲೀಕರೆನಿಸುತ್ತಿದ್ದು, ಅವರ ಹೆಸರು, ವಿಳಾಸ, ಜನ್ಮದಿನಾಂಕ, ಗುರುತಿನ ದಾಖಲೆಗಳನ್ನು ಖಜಾನೆ ಇಲಾಖೆಯ ಅಂಗವಾದ ಫಿನ್‌ಸೆನ್‌ಗೆ ಸಲ್ಲಿಸಬೇಕಿತ್ತು. ವಿಚಿತ್ರವೆಂದರೆ, ಇಪ್ಪತ್ತಕ್ಕಿಂತ ಹೆಚ್ಚು ಪೂರ್ಣಾವಧಿ ನೌಕರರೂ 50 ಲಕ್ಷ ಡಾಲರ್ ಮೀರಿದ ವಾರ್ಷಿಕ ಆದಾಯವೂ ಇರುವ ಸಂಸ್ಥೆಗಳಿಗೆ ವಿನಾಯಿತಿ ದೊರೆತು, ಒಬ್ಬರೇ ನಡೆಸುವ ಎಲ್‌ಎಲ್‌ಸಿ, ಅಂದರೆ ಮಾಲೀಕರ ಹೊಣೆಯನ್ನು ಹೂಡಿದ ಬಂಡವಾಳಕ್ಕೆ ಸೀಮಿತಗೊಳಿಸುವ ಸಂಸ್ಥೆ, ಕಾಯಿದೆಯ ವ್ಯಾಪ್ತಿಗೆ ಬಂತು.

ಹಳೆಯ ಸಂಸ್ಥೆಗಳಿಗೆ 2025ರ ಜನವರಿ 1 ಗಡುವಾಗಿತ್ತು. ಬೇಕೆಂದೇ ತಪ್ಪಿಸಿದವರಿಗೆ ದಂಡವಲ್ಲದೆ ಎರಡು ವರ್ಷದವರೆಗೆ ಸೆರೆವಾಸವನ್ನೂ ವಿಧಿಸಬಹುದಿತ್ತು. 2024ರ ಡಿಸೆಂಬರ್ 3ರಂದು ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಕಾಯಿದೆಯ ಜಾರಿಗೆ ದೇಶದಾದ್ಯಂತ ತಡೆಯಾಜ್ಞೆ ನೀಡಿತು. 23ರಂದು ಮೇಲ್ಮನವಿ ನ್ಯಾಯಾಲಯದ ಒಂದು ಪೀಠ ಆ ಆಜ್ಞೆಯನ್ನು ಅಮಾನತಿನಲ್ಲಿಟ್ಟಿತು. 26ರಂದು ಅದೇ ನ್ಯಾಯಾಲಯದ ಇನ್ನೊಂದು ಪೀಠ ತಡೆಯಾಜ್ಞೆಗೆ ಮತ್ತೆ ಜೀವ ಕೊಟ್ಟಿತು. ಅಮೆರಿಕದಲ್ಲಿ ಸಣ್ಣ ಎಲ್‌ಎಲ್‌ಸಿಯೊಂದರ ಪಾಲುದಾರರಾಗಿದ್ದ ಈ ಅಂಕಣಕಾರರಿಗೆ ಆ ದಿನಗಳಲ್ಲಿ ಲೆಕ್ಕಪರಿಶೋಧಕರಿಂದ ಒಂದು ವಾರ ‘ಸಲ್ಲಿಸಿ’ ಎಂದೂ ಮರುವಾರ ‘ತಡೆಯಿರಿ’ ಎಂದೂ ಸೂಚನೆ ಬರುತ್ತಿತ್ತು. ಫಿನ್‌ಸೆನ್ ಶುಲ್ಕವಿಲ್ಲದೆ ಸ್ವೀಕರಿಸುತ್ತಿದ್ದ ಅರ್ಜಿಗೆ ಮಧ್ಯವರ್ತಿಗಳು ಕೇಳಿದಷ್ಟು ತೆತ್ತವರು ಸಣ್ಣ ಉದ್ಯಮಿಗಳ ವಲಯದಲ್ಲಿ ಹಲವರಿದ್ದರು.

2025ರ ಜನವರಿ 23ರಂದು ಸುಪ್ರೀಂ ಕೋರ್ಟ್ ಆ ತಡೆಯಾಜ್ಞೆಯನ್ನು ಬದಿಗಿಟ್ಟರೂ ಗೊಂದಲ ಮುಗಿಯಲಿಲ್ಲ. ಮಾರ್ಚ್ 21ಕ್ಕೆ ಗೊತ್ತಾಗಿದ್ದ ಹೊಸ ಗಡುವಿನ ದಿನವೇ ಫಿನ್‌ಸೆನ್ ಮಧ್ಯಂತರ ನಿಯಮ ಹೊರಡಿಸಿ, ಅಮೆರಿಕದಲ್ಲಿ ಸ್ಥಾಪನೆಯಾದ ಎಲ್ಲ ಸಂಸ್ಥೆಗಳನ್ನೂ ಹೊಣೆಯಿಂದ ಬಿಡುಗಡೆ ಮಾಡಿತು. ಬೇನಾಮಿ ಸಂಸ್ಥೆಗಳಿಗೆ ಹೆಣೆದ ಬಲೆಯಿಂದ ಸ್ವದೇಶಿ ಸಂಸ್ಥೆಗಳನ್ನೇ ಹೊರಬಿಟ್ಟ ಮೇಲೆ ಕಾಯಿದೆಯಲ್ಲಿ ಉಳಿದದ್ದು ಅಲ್ಪ. ಇದಕ್ಕೆ ಹೋಲಿಸಿದರೆ, ಭಾರತದ 2013ರ ಕಂಪನಿ ಕಾಯಿದೆಯ 90ನೇ ಸೆಕ್ಷನ್ ಮತ್ತು ಅದರ ನಿಯಮಗಳು ಶೇ 10ರ ಪಾಲಿಗೇ ಇಂಥ ಘೋಷಣೆ ಕೇಳುತ್ತವೆ.

ಬೆಂಗಳೂರಿನ ಉದ್ಯಮಿಗಳು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಮೆರಿಕದ ಡೆಲವೇರ್ ರಾಜ್ಯದಲ್ಲೇ ಸ್ಥಾಪಿಸಿದ ಕಂಪನಿಗೆ ಫಿನ್‌ಸೆನ್‌ನ ಈ ವಿನಾಯಿತಿ ಅನ್ವಯಿಸುತ್ತದೆ; ಕರ್ನಾಟಕದಲ್ಲಿ ಸ್ಥಾಪಿಸಿ, ವ್ಯವಹಾರಕ್ಕಾಗಿ ಅಮೆರಿಕದ ರಾಜ್ಯವೊಂದರಲ್ಲಿ ನೋಂದಾಯಿಸಿದ ಕಂಪನಿಯು, ಬೇರೆ ವಿನಾಯಿತಿ ಇಲ್ಲದಿದ್ದರೆ, ನೋಂದಣಿ ಖಚಿತವಾದ 30 ದಿನಗಳೊಳಗೆ ವಿವರ ಸಲ್ಲಿಸಬೇಕೆಂದು ಅದೇ ಮಧ್ಯಂತರ ನಿಯಮ ಹೇಳುತ್ತದೆ.