ಕಾರಣ ಸಿಗದ ಮೆದುಳಿನ ರಕ್ತಸ್ರಾವ



ಲಕ್ವಾ ಎಂಬ ಮಾತು ನಿಮಗೆಲ್ಲ ಗೊತ್ತು. ಮೆದುಳಿಗೆ ಹೋಗುವ ರಕ್ತ ನಿಂತರೆ ಲಕ್ವಾ ಹೊಡೆಯುತ್ತದೆ. ರಕ್ತನಾಳ ಒಡೆದರೂ ಹೊಡೆಯುತ್ತದೆ. ಕೆಲವರಿಗೆ ತಲೆಗೆ ಪೆಟ್ಟು ಬಿದ್ದಿರುವುದಿಲ್ಲ. ಆದರೂ ಮೆದುಳಿನ ಮೇಲೆ, ಅದರ ತೆಳು ಹೊದಿಕೆಯ ಕೆಳಗೆ ರಕ್ತ ಸೋರುತ್ತದೆ. ಇವತ್ತಿನ ಪಾಠ ಈ ಬಗೆಯ ರಕ್ತಸ್ರಾವದ ಬಗ್ಗೆ.

ಗುರುತಿಸುವುದು ಹೇಗೆ?

ಇದ್ದಕ್ಕಿದ್ದಂತೆ ತಲೆ ಸಿಡಿದು ಹೋಗುವಂಥ ನೋವು ಬರುತ್ತದೆ. "ಇಂಥಾ ತಲಿಶೂಲಿ ಜನ್ಮದಾಗ ಬಂದಿರಲಿಲ್ಲ" ಎಂದು ರೋಗಿ ಹೇಳುತ್ತಾರೆ. ವಾಂತಿ ಆಗಬಹುದು. ಕುತ್ತಿಗೆ ಬಿಗಿಯಬಹುದು. ಕೆಲವರು ಎಚ್ಚರ ತಪ್ಪುತ್ತಾರೆ.

ಆಗ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಅಂಗಡಿಯಿಂದ ನೋವಿನ ಗುಳಿಗೆ ತಂದು ಕೊಡಬೇಡಿ. ಆಸ್ಪಿರಿನ್‌ನಂಥ ಗುಳಿಗೆ ರಕ್ತಸ್ರಾವ ಹೆಚ್ಚಿಸಬಹುದು. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಅವರನ್ನು ಮಗ್ಗುಲಾಗಿ ಮಲಗಿಸಿ.

ಕಾರಣ ಹುಡುಕುವುದು ಹೇಗೆ?

ದವಾಖಾನೆಯಲ್ಲಿ ಮೊದಲು ಸಿಟಿ ಸ್ಕ್ಯಾನ್ ಮಾಡುತ್ತಾರೆ. ರಕ್ತ ಎಲ್ಲಿದೆ ಎಂದು ಅದು ತೋರಿಸುತ್ತದೆ. ಆಮೇಲೆ ಆಂಜಿಯೋಗ್ರಾಮ್ ಮಾಡುತ್ತಾರೆ. ಅಂದರೆ ರಕ್ತನಾಳಕ್ಕೆ ಒಂದು ಔಷಧ ಬಿಟ್ಟು ನಾಳಗಳ ಚಿತ್ರ ತೆಗೆಯುತ್ತಾರೆ.

ಇಂಥ 100 ರೋಗಿಗಳಲ್ಲಿ ಸುಮಾರು 85 ಮಂದಿಗೆ ರಕ್ತನಾಳದ ಗುಳ್ಳೆ ಒಡೆದಿರುತ್ತದೆ. ಸೈಕಲ್ ಟ್ಯೂಬು ತೆಳುವಾದ ಕಡೆ ಉಬ್ಬುತ್ತದಲ್ಲ, ಹಾಗೆ ನಾಳವೂ ಉಬ್ಬುತ್ತದೆ. ಈ ಗುಳ್ಳೆ ಬಹಳ ಅಪಾಯ. ಅದು ಒಡೆದವರಲ್ಲಿ ಮೂವರಿಗೆ ಒಬ್ಬರಂತೆ ಸಾಯುತ್ತಾರೆ. ಉಳಿದ 15 ಮಂದಿಯಲ್ಲಿ ಹೆಚ್ಚಿನವರಿಗೆ ಗುಳ್ಳೆಯೂ ಕಾಣುವುದಿಲ್ಲ, ಬೇರೆ ಕಾರಣವೂ ಸಿಗುವುದಿಲ್ಲ.

"ಏನೂ ಸಿಗಲಿಲ್ಲ ಅಂದ್ರ ಏನ್ರೀ?"

ಮನೆಯವರು ಹೀಗೆ ಕೇಳುವುದು ಸಹಜ. ಡಾಕ್ಟರಿಗೆ ತಿಳಿಯಲಿಲ್ಲ ಎಂದು ಕೆಲವರು ಸಿಟ್ಟಾಗುತ್ತಾರೆ. ರೋಗವೇ ಇಲ್ಲ ಎಂದು ಕೆಲವರು ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುತ್ತಾರೆ. ಮಾಟ ಎಂದು ತಿಳಿದು ಇನ್ನು ಕೆಲವರು ದುಡ್ಡು ಕಳೆಯುತ್ತಾರೆ. ಮೂರೂ ತಪ್ಪು. ರಕ್ತ ಸೋರಿದ್ದು ನಿಜ. ಮುಂದೇನು ಎಂಬುದು ಆ ರಕ್ತ ಎಲ್ಲಿ ನಿಂತಿದೆ ಎಂಬುದರ ಮೇಲೆ ಇದೆ.

ಮೊದಲನೆಯ ಬಗೆ: ರಕ್ತ ಮೆದುಳಿನ ಕಾಂಡದ ಮುಂದೆ, ಒಂದೇ ಕಡೆ ಇರುತ್ತದೆ. ನೆದರ್ಲೆಂಡ್ಸ್ ದೇಶದ ವೈದ್ಯರು 1985ರಲ್ಲಿ ಇದನ್ನು ಬೇರೆ ಬಗೆ ಎಂದು ಗುರುತಿಸಿದರು. ಆಂಜಿಯೋಗ್ರಾಮ್‌ನಲ್ಲಿ ಗುಳ್ಳೆ ಇಲ್ಲ ಎಂದು ಖಚಿತವಾದರೆ ಧೈರ್ಯ ತಂದುಕೊಳ್ಳಬಹುದು. ಇವರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಮಂದಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಗುಣವಾಗುತ್ತಾರೆ. ಮತ್ತೆ ರಕ್ತ ಸೋರುವುದು ಬಹಳ ಅಪರೂಪ.

ಎರಡನೆಯ ಬಗೆ: ರಕ್ತ ಮೆದುಳಿನ ಸುತ್ತ ಹರಡಿರುತ್ತದೆ. ಇಲ್ಲಿ ಅವಸರ ಬೇಡ. ಹೆಪ್ಪುಗಟ್ಟಿದ ರಕ್ತ ಒಂದು ಸಣ್ಣ ಗುಳ್ಳೆಯನ್ನು ಮುಚ್ಚಿರಬಹುದು. ಅದಕ್ಕೇ ಒಂದೆರಡು ವಾರ ಬಿಟ್ಟು ಮತ್ತೆ ಆಂಜಿಯೋಗ್ರಾಮ್ ಮಾಡುತ್ತಾರೆ. ಕೆಲವರಿಗೆ ಆಗ ಗುಳ್ಳೆ ಸಿಗುತ್ತದೆ, ಅದನ್ನು ಮುಚ್ಚುತ್ತಾರೆ. "ಒಮ್ಮೆ ನೋಡ್ಯಾರಲ್ಲ, ಸಾಕು" ಎಂದು ಬಿಟ್ಟರೆ ಆ ಗುಳ್ಳೆ ಮತ್ತೆ ಒಡೆದು ಜೀವ ಹೋಗಬಹುದು.

ಎರಡು ಬಗೆಯಲ್ಲೂ ಮೊದಲ ದಿನಗಳನ್ನು ದವಾಖಾನೆಯಲ್ಲೇ ಕಳೆಯಬೇಕು. ಮೆದುಳಿನಲ್ಲಿ ನೀರು ತುಂಬಬಹುದು. ರಕ್ತನಾಳ ಬಿಗಿದುಕೊಳ್ಳಬಹುದು.

ಮನೆಗೆ ಬಂದ ಮೇಲೆ

ಕೆಲವು ತಿಂಗಳು ತಲೆನೋವು, ದಣಿವು, ಮರೆವು ಇರಬಹುದು. ನೋಡಲು ಗಟ್ಟಿಮುಟ್ಟಾಗಿ ಇದ್ದಾರೆ, ಕೆಲಸಕ್ಕೆ ಮೈಗಳ್ಳತನ ಮಾಡುತ್ತಾರೆ ಎನ್ನಬೇಡಿ. ಹಾಗೆಯೇ ಹೆದರಿಸಿ ಮೂಲೆಗೂ ಕೂರಿಸಬೇಡಿ. ಕೆಲಸಕ್ಕೆ ಎಂದು ಹೋಗಬಹುದು ಎಂದು ಡಾಕ್ಟರನ್ನೇ ಕೇಳಿ. ಬಿಪಿ ನೋಡಿಸುತ್ತಿರಿ. ಬೀಡಿ, ತಂಬಾಕು ಬಿಡಿ. ಮೊದಲಿನಂಥ ತಲೆಶೂಲೆ ಮತ್ತೆ ಬಂದರೆ ತಕ್ಷಣ ದವಾಖಾನೆಗೆ ಹೋಗಿ.

ಬರೆದಿಟ್ಟುಕೊಳ್ಳಿ

ದವಾಖಾನೆಯ ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ. ನಿಮಗೀಗ ಕನ್ನಡ ಬರೆಯಲು ಬರುತ್ತದೆ. ಮನೆಗೆ ಹೊರಡುವ ಮೊದಲು ಈ ಮೂರು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ:

1. ರಕ್ತ ಒಂದೇ ಕಡೆ ಇತ್ತೋ, ಹರಡಿತ್ತೋ?
2. ಮತ್ತೆ ಆಂಜಿಯೋಗ್ರಾಮ್ ಬೇಕೋ? ಯಾವ ತಾರೀಖಿಗೆ?
3. ಯಾವ ಗುಳಿಗೆ, ಎಷ್ಟು ದಿನ?

ಸ್ಕ್ಯಾನಿನ ಫಿಲ್ಮ್ ಮತ್ತು ಕಾಗದಗಳನ್ನು ಒಂದೇ ಚೀಲದಲ್ಲಿ ಜೋಪಾನವಾಗಿ ಇಡಿ.

ಪದಗಳ ಅರ್ಥ

ರಕ್ತನಾಳ – ರಕ್ತ ಹರಿಯುವ ಕೊಳವೆ
ರಕ್ತಸ್ರಾವ – ರಕ್ತ ಸೋರುವುದು
ಮೆದುಳಿನ ಕಾಂಡ – ಮೆದುಳಿನ ಕೆಳಗಿನ, ಬೆನ್ನುಹುರಿಗೆ ಸೇರುವ ಭಾಗ

ಚರ್ಚೆ ಮಾಡಿ

1. "ಕಾರಣ ಸಿಗಲಿಲ್ಲ" ಎಂಬುದಕ್ಕೂ "ರೋಗ ಇಲ್ಲ" ಎಂಬುದಕ್ಕೂ ಏನು ವ್ಯತ್ಯಾಸ?
2. ಎರಡನೆಯ ಆಂಜಿಯೋಗ್ರಾಮ್ ಏಕೆ ಬೇಕಾಗುತ್ತದೆ?
3. ನಿಮ್ಮ ಊರಿನಿಂದ ಸಿಟಿ ಸ್ಕ್ಯಾನ್ ಇರುವ ದವಾಖಾನೆ ಎಷ್ಟು ದೂರ? ವಿಚಾರಿಸಿ ಬರೆಯಿರಿ.